ಕಿವಿಗೆ ಬಿದ್ದದ್ದು, ಕಿವಿಗೊಟ್ಟದ್ದು

ಹೀಗೊಂದು ದೃಶ್ಯವನ್ನು ಊಹಿಸಿಕೊಳ್ಳಿ. ಶಾಲೆಯಲ್ಲಿ ಪೋಷಕರ ಸಭೆ. ಎಂಟನೆಯ ತರಗತಿಯ ಹುಡುಗನೊಬ್ಬನ ತಂದೆ ಅರ್ಧ ದಿನ ರಜೆ ಹಾಕಿ ಬಂದಿದ್ದಾರೆ. ಇಂಗ್ಲಿಷ್ ಮಾಧ್ಯಮದ ಶಾಲೆ. ಕನ್ನಡದಲ್ಲಿ ಮಾತನಾಡಿದರೆ ಟೀಚರು ಏನೆಂದುಕೊಂಡಾರೋ ಎಂಬ ಅಳುಕು. ಬಸ್ಸಿನಲ್ಲಿ ಕುಳಿತೇ ನಾಲ್ಕು ವಾಕ್ಯ ಜೋಡಿಸಿಕೊಂಡಿದ್ದಾರೆ. ಸರದಿ ಬಂದಾಗ ಮೊದಲನೆಯದನ್ನು ಧೈರ್ಯವಾಗಿ ಹೇಳಿಯೇ ಬಿಡುತ್ತಾರೆ: ‘ಮೇಡಂ, ಮೈ ಸನ್ ಡಸ್ ನಾಟ್ ಹಿಯರ್.’

ಟೀಚರ ಮುಖದಲ್ಲಿ ಗಾಬರಿ. ಎಷ್ಟು ದಿನದಿಂದ ಹೀಗಿದೆ, ಕಿವಿಯ ಡಾಕ್ಟರಿಗೆ ತೋರಿಸಿದ್ದೀರಾ ಎಂದು ವಿಚಾರಿಸುತ್ತಾರೆ. ತಂದೆಗೆ ತಲೆಬುಡ ತಿಳಿಯುವುದಿಲ್ಲ. ಸುಮ್ಮನೆ ತಲೆಯಾಡಿಸಿ ಎದ್ದು ಬರುತ್ತಾರೆ. ಪಕ್ಕದಲ್ಲೇ ನಿಂತಿದ್ದ ಮಗನಿಗೆ ಎಲ್ಲವೂ ಅರ್ಥವಾಗಿದೆ, ಆದರೆ ಅವನು ಬಾಯಿ ಬಿಡುವುದಿಲ್ಲ. ಮರುದಿನದಿಂದ ಅವನಿಗೆ ಮುಂದಿನ ಬೆಂಚು.

ತಂದೆ ಹೇಳಬೇಕೆಂದಿದ್ದದ್ದು ಇಷ್ಟೆ: ‘ನನ್ನ ಮಗ ಹೇಳಿದ ಮಾತು ಕೇಳುವುದಿಲ್ಲ.’ ಅದಕ್ಕೆ ಇಂಗ್ಲಿಷಿನಲ್ಲಿ ‘ಮೈ ಸನ್ ಡಸ್ ನಾಟ್ ಲಿಸನ್ ಟು ಮಿ’ ಎನ್ನಬೇಕು. ಒಂದು ಕ್ರಿಯಾಪದ ಅದಲುಬದಲಾಗಿ ಹಠಮಾರಿ ಹುಡುಗ ಕಿವುಡನಾದ.

ಇಂಥ ತಪ್ಪನ್ನು ಕಂಡಾಗ ‘ಗ್ರಾಮರ್ ಸರಿಯಿಲ್ಲ’ ಎಂದು ಕೆಂಪು ಗೆರೆ ಎಳೆಯುವುದು ವಾಡಿಕೆ. ವಾಸ್ತವವಾಗಿ ಆ ವಾಕ್ಯದ ವ್ಯಾಕರಣದಲ್ಲಿ ಯಾವ ದೋಷವೂ ಇಲ್ಲ. ದೋಷವಿರುವುದು ಪದದ ಆಯ್ಕೆಯಲ್ಲಿ; ಅದರ ಮೂಲ ಇರುವುದು ನಮ್ಮ ಕನ್ನಡದಲ್ಲಿ. ‘ಕೇಳು’ ಎಂಬ ನಮ್ಮ ಒಂದೇ ಪದ ಎಷ್ಟು ಮನೆಯ ಕೆಲಸ ಮಾಡುತ್ತದೆ ನೋಡಿ. ಗಂಟೆಯ ಸದ್ದು ಕೇಳಿತು. ಹುಡುಗಿ ಪಾಠ ಕೇಳಿದಳು. ಗಿರಾಕಿ ಬೆಲೆ ಕೇಳಿದ. ನೆಂಟ ಸಾಲ ಕೇಳಿದ. ಸೊಸೆ ಅತ್ತೆಯ ಮಾತು ಕೇಳಿದಳು. ಐದು ಕಡೆಯೂ ಕನ್ನಡಕ್ಕೆ ಒಂದೇ ‘ಕೇಳು’ ಸಾಕು. ಇಂಗ್ಲಿಷಿಗೆ ಸಾಲದು. ಗಂಟೆಗೆ ‘ಹಿಯರ್’, ಪಾಠಕ್ಕೆ ‘ಲಿಸನ್ ಟು’, ಬೆಲೆಗೆ ‘ಆಸ್ಕ್’, ಸಾಲಕ್ಕೆ ‘ಆಸ್ಕ್ ಫಾರ್’. ಅತ್ತೆಯ ಮಾತಿಗೆ ಮತ್ತೆ ‘ಲಿಸನ್ ಟು’, ಇಲ್ಲವೇ ‘ಒಬೇ’; ಅದು ಸೊಸೆಯ ಸ್ವಭಾವವನ್ನು ಅವಲಂಬಿಸಿದೆ.

ಹಾಗೆಂದು ಕನ್ನಡ ಬಡ ಭಾಷೆ ಎಂದು ಯಾರೂ ತಿಳಿಯಬೇಕಿಲ್ಲ. ಗದ್ದೆಯಲ್ಲಿ ಭತ್ತ, ಮೂಟೆಯಲ್ಲಿ ಅಕ್ಕಿ, ತಟ್ಟೆಯಲ್ಲಿ ಅನ್ನ ಎಂದು ನಾವು ಬಿಡಿಸಿ ಹೇಳುವ ಕಡೆ ಇಂಗ್ಲಿಷ್ ‘ರೈಸ್’ ಎಂಬ ಒಂದೇ ಪದದಲ್ಲಿ ದಿನ ದೂಡುತ್ತಿತ್ತು. ಭತ್ತಕ್ಕೆ ಬೇರೆ ಪದ ಬೇಕಾದಾಗ ಅದು ಮಲಯ ಭಾಷೆಯಿಂದ ‘ಪ್ಯಾಡಿ’ಯನ್ನು ತಂದುಕೊಂಡಿತು. ಭಾವ, ಭಾಮೈದ, ಷಡ್ಡಕ, ಮೈದುನ ಇವರೆಲ್ಲರನ್ನೂ ‘ಬ್ರದರ್ ಇನ್ ಲಾ’ ಎಂಬ ಒಂದೇ ಚಾಪೆಯ ಮೇಲೆ ಕೂರಿಸುವ ಭಾಷೆ ಅದು. ಎಲ್ಲಿ ನಮಗೆ ಒಂದೇ ಪದವಿದ್ದು ಅವರಿಗೆ ಎರಡು ಮೂರು ಇವೆಯೋ ಅಲ್ಲಿ ನಾವು ಎಡವುತ್ತೇವೆ. ಎಲ್ಲಿ ಅವರಿಗೆ ಒಂದೇ ಇದೆಯೋ ಅಲ್ಲಿ ಕನ್ನಡ ಕಲಿಯಲು ಬಂದ ಇಂಗ್ಲಿಷರು ಎಡವುತ್ತಾರೆ.

ಹಾಗಾದರೆ ‘ಹಿಯರ್’ ಮತ್ತು ‘ಲಿಸನ್’ ಬೇರೆ ಮಾಡುವುದು ಹೇಗೆ? ಇದಕ್ಕೆ ಬೀಗದ ಕೈ ಕೂಡ ಕನ್ನಡದಲ್ಲೇ ಇದೆ. ನಾವು ‘ಕಿವಿಗೆ ಬಿತ್ತು’ ಎನ್ನುತ್ತೇವೆ, ‘ಕಿವಿಗೊಟ್ಟೆ’ ಎಂದೂ ಎನ್ನುತ್ತೇವೆ. ನಿಮ್ಮ ಪ್ರಯತ್ನವಿಲ್ಲದೆ ತಾನಾಗಿ ಕಿವಿಗೆ ಬಿದ್ದದ್ದು ‘ಹಿಯರ್’. ನೀವು ಮನಸ್ಸಿಟ್ಟು ಕಿವಿಗೊಟ್ಟದ್ದು ‘ಲಿಸನ್’. ರಾತ್ರಿ ನಾಯಿ ಬೊಗಳಿದ್ದು ಕಿವಿಗೆ ಬೀಳುತ್ತದೆ, ಅದಕ್ಕೆ ಯಾರೂ ಕಿವಿಗೊಡುವುದಿಲ್ಲ. ರೇಡಿಯೋದ ವಾರ್ತೆಗೆ ಕಿವಿಗೊಡುತ್ತೇವೆ, ಆದ್ದರಿಂದ ‘ಲಿಸನ್ ಟು ದಿ ನ್ಯೂಸ್’. ಊರಿನಲ್ಲಿ ಯಾರದೋ ಮದುವೆ ನಿಶ್ಚಯವಾದ ಸುದ್ದಿ ಕಿವಿಗೆ ಬೀಳುತ್ತದೆ, ಆದ್ದರಿಂದ ‘ಐ ಹರ್ಡ್ ದಿ ನ್ಯೂಸ್’. ‘ಲಿಸನ್’ ಎಂದ ಕೂಡಲೆ ಅದರ ಬಾಲಕ್ಕೆ ‘ಟು’ ಸೇರಿಸುವುದನ್ನು ಮರೆಯಬೇಡಿ. ಪರೀಕ್ಷೆಯಲ್ಲಿ ಅರ್ಧ ಅಂಕ ಹೋಗುವುದು ಆ ಬಾಲದಿಂದಲೇ. ಇನ್ನೊಂದು ಅಂಶ: ತಾನಾಗಿ ಆಗುವ ಕ್ರಿಯೆಯಾದ್ದರಿಂದ ‘ಹಿಯರ್’ ಪದಕ್ಕೆ ಸಾಮಾನ್ಯವಾಗಿ ‘ಇಂಗ್’ ಹತ್ತುವುದಿಲ್ಲ. ‘ಐ ಆಮ್ ಹಿಯರಿಂಗ್ ಎ ನಾಯ್ಸ್’ ಎನ್ನುವುದಿಲ್ಲ, ‘ಐ ಕ್ಯಾನ್ ಹಿಯರ್ ಎ ನಾಯ್ಸ್’ ಎನ್ನುತ್ತಾರೆ.

ಇದು ಬರಿಯ ಅಂಕದ ಮಾತಲ್ಲ. ಈಗ ಕೆಲಸದ ಸಂದರ್ಶನಗಳೂ ಕಂಪ್ಯೂಟರಿನ ಪರದೆಯ ಮೇಲೆ ನಡೆಯುತ್ತವೆ. ಧ್ವನಿ ಸರಿಯಾಗಿ ತಲುಪುತ್ತಿದೆಯೋ ಇಲ್ಲವೋ ಎಂಬ ಅನುಮಾನ ಬಂದಾಗ ಅಭ್ಯರ್ಥಿಯ ಮನಸ್ಸಿನಲ್ಲಿ ಏಳುವ ವಾಕ್ಯ ‘ನನ್ನ ಮಾತು ಕೇಳ್ತಾ ಇದೆಯಾ ಸರ್?’ ಎಂಬುದು. ಎಷ್ಟು ವಿನಯದ ಪ್ರಶ್ನೆ! ಅದನ್ನು ಅವಸರದಲ್ಲಿ ‘ಆರ್ ಯು ಲಿಸನಿಂಗ್ ಟು ಮಿ?’ ಎಂದು ಇಂಗ್ಲಿಷಿಗೆ ಇಳಿಸಿದರೆ ಅರ್ಥ ಬುಡಮೇಲಾಗುತ್ತದೆ. ಅದು ಗಮನವಿಲ್ಲದ ವಿದ್ಯಾರ್ಥಿಯನ್ನು ಮೇಷ್ಟರು ಗದರುವ ಧಾಟಿ. ಕೆಲಸ ಕೊಡಲು ಕುಳಿತವರನ್ನೇ ಗದರಿದ ಹಾಗಾಯಿತು. ಅಲ್ಲಿ ಬೇಕಾದದ್ದು ‘ಕ್ಯಾನ್ ಯು ಹಿಯರ್ ಮಿ?’

ಕಿವಿಯ ಕಥೆಯೇ ಕಣ್ಣಿನದೂ. ಕಣ್ಣಿಗೆ ಬಿದ್ದದ್ದು ‘ಸೀ’, ಕಣ್ಣು ಹಾಯಿಸಿದ್ದು ‘ಲುಕ್ ಅಟ್’, ಚಲಿಸುವುದನ್ನು ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿದ್ದು ‘ವಾಚ್’. ಕ್ರಿಕೆಟ್ ಪಂದ್ಯವನ್ನು ‘ವಾಚ್’ ಮಾಡಬೇಕು, ಗೋಡೆಯ ಮೇಲಿನ ಪಟವನ್ನು ‘ಲುಕ್ ಅಟ್’ ಮಾಡಬೇಕು. ಟಿ.ವಿ.ಯನ್ನು ‘ಸೀ’ ಮಾಡಿದರೆ ಮನೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಇರುವುದು ಕಣ್ಣಿಗೆ ಬಿತ್ತು ಎಂದಷ್ಟೇ ಅರ್ಥ.

ಇನ್ನು ರಜಾ ಅರ್ಜಿಗೆ ಬರೋಣ. ನಮ್ಮ ಮಕ್ಕಳು ಸ್ವಂತವಾಗಿ ಬರೆಯುವ ಮೊದಲ ಇಂಗ್ಲಿಷ್ ಸಾಹಿತ್ಯವೇ ರಜಾ ಅರ್ಜಿ. ಅದರಲ್ಲಿ ತಲೆಮಾರುಗಳಿಂದ ಬದಲಾಗದೆ ಉಳಿದು ಬಂದ ವಾಕ್ಯ: ‘ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್.’ ಅಪ್ಪ ಬರೆದದ್ದನ್ನು ಮಗ ನಕಲು ಮಾಡಿ, ಮಗನದನ್ನು ತಮ್ಮ ನಕಲು ಮಾಡಿ, ಜ್ವರ ಇಳಿದರೂ ತಪ್ಪು ಇಳಿದಿಲ್ಲ. ಇದರಲ್ಲಿರುವುದು ಒಂದಲ್ಲ, ಎರಡು ತಪ್ಪು.

ಕನ್ನಡದಲ್ಲಿ ‘ಸೋಮವಾರದಿಂದ ಜ್ವರ’ ಎನ್ನುತ್ತೇವೆ, ‘ಮೂರು ದಿನದಿಂದ ಜ್ವರ’ ಎಂದೂ ಎನ್ನುತ್ತೇವೆ. ಎರಡಕ್ಕೂ ‘ಇಂದ’ ಎಂಬ ಒಂದೇ ಪ್ರತ್ಯಯ. ಇಂಗ್ಲಿಷ್ ಇಲ್ಲಿ ಎರಡು ಲೆಕ್ಕ ಇಡುತ್ತದೆ. ಎಲ್ಲಿ ಶುರುವಾಯಿತು ಎಂಬುದಕ್ಕೆ ‘ಸಿನ್ಸ್’, ಎಷ್ಟು ಕಾಲ ನಡೆಯಿತು ಎಂಬುದಕ್ಕೆ ‘ಫಾರ್’. ಅಂಕಿ ಬಂದರೆ ‘ಫಾರ್’ ಹಾಕಬೇಕು ಎಂಬ ಅಡ್ಡದಾರಿಯ ಸೂತ್ರವೊಂದನ್ನು ಕೆಲವು ಕಡೆ ಹೇಳಿಕೊಡುವುದುಂಟು. ಅದನ್ನು ನಂಬಿದವರು ಕೆಟ್ಟರು. ‘ಎರಡು ಗಂಟೆಯಿಂದ ಕಾಯುತ್ತಿದ್ದೇನೆ’ ಎಂಬ ನಮ್ಮ ವಾಕ್ಯವನ್ನೇ ತೆಗೆದುಕೊಳ್ಳಿ. ಮಧ್ಯಾಹ್ನ ಎರಡು ಹೊಡೆದಾಗಿನಿಂದ ಕಾಯುತ್ತಿದ್ದರೆ ‘ಸಿನ್ಸ್ ಟು ಓ ಕ್ಲಾಕ್’. ಎರಡು ತಾಸು ಕಾದದ್ದಾದರೆ ‘ಫಾರ್ ಟು ಅವರ್ಸ್’. ಎರಡರಲ್ಲೂ ಅಂಕಿ ಇದೆ. 1995ರಿಂದ ಎಂಬುದರಲ್ಲಿ ನಾಲ್ಕು ಅಂಕಿಗಳಿವೆ, ಆದರೂ ಅದು ‘ಸಿನ್ಸ್’.

ಅದಕ್ಕಿಂತ ಬೆರಳನ್ನು ನಂಬುವುದು ಮೇಲು. ಗೋಡೆಯ ಕ್ಯಾಲೆಂಡರಿನ ಮೇಲೋ ಗಡಿಯಾರದ ಮೇಲೋ ಬೆರಳಿಟ್ಟು ‘ಇಲ್ಲಿಂದ’ ಎಂದು ತೋರಿಸಲು ಬಂದರೆ ‘ಸಿನ್ಸ್’. ಬೆರಳು ಮಡಚಿ ‘ಇಷ್ಟು’ ಎಂದು ಎಣಿಸಲು ಬಂದರೆ ‘ಫಾರ್’. ಕಳೆದ ವರ್ಷದಿಂದ ಎಂದರೆ ಬೆರಳಿಟ್ಟು ತೋರಿಸಬಹುದು: ‘ಸಿನ್ಸ್ ಲಾಸ್ಟ್ ಇಯರ್’. ಒಂದು ವರ್ಷದಿಂದ ಎಂದರೆ ಎಣಿಸಿದ್ದು: ‘ಫಾರ್ ಎ ಇಯರ್’. ಚಿಕ್ಕಂದಿನಿಂದ ಎನ್ನುವುದಕ್ಕೆ ‘ಸಿನ್ಸ್ ಚೈಲ್ಡ್‌ಹುಡ್’, ಬಹಳ ಕಾಲದಿಂದ ಎನ್ನುವುದಕ್ಕೆ ‘ಫಾರ್ ಎ ಲಾಂಗ್ ಟೈಮ್’.

ಎರಡನೆಯ ತಪ್ಪು ‘ಆಮ್’ ಎಂಬುದರಲ್ಲಿದೆ. ‘ಮೂರು ದಿನದಿಂದ ಜ್ವರ ಬರುತ್ತಿದೆ’ ಎಂದು ನಾವು ವರ್ತಮಾನದಲ್ಲೇ ಹೇಳುತ್ತೇವೆ. ಹಿಂದೆ ಶುರುವಾಗಿ ಇವತ್ತಿಗೂ ಮುಗಿಯದ ಜ್ವರಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾವ್ ಬೀನ್’ ಬೇಕು. ಆದ್ದರಿಂದ ಶುದ್ಧ ವಾಕ್ಯ ‘ಐ ಹ್ಯಾವ್ ಬೀನ್ ಸಫರಿಂಗ್ ಫ್ರಮ್ ಫೀವರ್ ಫಾರ್ ತ್ರೀ ಡೇಸ್’. ಅಪ್ಪಂದಿರು ಇದನ್ನೊಮ್ಮೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿಬಿಟ್ಟರೆ ಮುಂದಿನ ತಲೆಮಾರಾದರೂ ಈ ಕಾಯಿಲೆಯಿಂದ ಪಾರಾದೀತು.

ಕನ್ನಡ ನಮ್ಮ ದಾರಿಗೆ ಅಡ್ಡ ಬರುವುದೇ ಹೆಚ್ಚು ಎಂದುಕೊಳ್ಳಬೇಡಿ. ‘ಬೈ’ ಮತ್ತು ‘ಅಂಟಿಲ್’ ವಿಷಯದಲ್ಲಿ ಕನ್ನಡವೇ ಗುರು. ‘ಒಳಗೆ’ ಎಂದು ಹೇಳುವ ಕಡೆ ‘ಬೈ’, ‘ತನಕ’ ಎಂದು ಹೇಳುವ ಕಡೆ ‘ಅಂಟಿಲ್’. ಹತ್ತನೆಯ ತಾರೀಖಿನೊಳಗೆ ಫೀಸು ಕಟ್ಟಬೇಕು, ಆದ್ದರಿಂದ ‘ಬೈ ದಿ ಟೆಂತ್’. ಹತ್ತನೆಯ ತಾರೀಖಿನ ತನಕ ರಜೆ, ಆದ್ದರಿಂದ ‘ಅಂಟಿಲ್ ದಿ ಟೆಂತ್’. ಇಷ್ಟು ಸಾಕು, ಇದಕ್ಕೆ ಪುಟಗಟ್ಟಲೆ ವಿವರಣೆ ಬೇಕಿಲ್ಲ.

ಸಾಲದ ವ್ಯವಹಾರದಲ್ಲಿ ಮಾತ್ರ ಎಚ್ಚರ ಬೇಕು. ಕೊಡುವವನಿಗೂ ಸಾಲವೇ, ತೆಗೆದುಕೊಳ್ಳುವವನಿಗೂ ಸಾಲವೇ; ನಮ್ಮಲ್ಲಿ ಪದ ಒಂದೇ, ಕೈ ಬೇರೆ. ಇಂಗ್ಲಿಷಿನಲ್ಲಿ ಎರಡು ಕೈಗೂ ಎರಡು ಕ್ರಿಯಾಪದ. ಕೊಡುವ ಕೈ ‘ಲೆಂಡ್’, ಪಡೆಯುವ ಕೈ ‘ಬಾರೋ’. ‘ಬಾರೋ ಮಿ ಯುವರ್ ಪೆನ್’ ಎನ್ನುವ ಹುಡುಗ ನನ್ನಿಂದ ಪೆನ್ನು ಪಡೆದುಕೋ ಎನ್ನುತ್ತಿದ್ದಾನೋ, ನನಗೆ ಕೊಡು ಎನ್ನುತ್ತಿದ್ದಾನೋ ದೇವರೇ ಬಲ್ಲ. ‘ಲೆಂಡ್ ಮಿ ಯುವರ್ ಪೆನ್’ ಎಂದರೆ ಸರಿ. ‘ಮೇ ಐ ಬಾರೋ ಯುವರ್ ಪೆನ್?’ ಎಂದರೆ ಇನ್ನೂ ಮರ್ಯಾದೆ. ಕನ್ನಡಿಗರು ‘ಬಾರೋ’ ಎಂಬ ಉಚ್ಚಾರಣೆಯನ್ನೇ ಹಿಡಿದುಕೊಳ್ಳಬಹುದು: ‘ಬಾರೋ ನನ್ನ ಕೈಗೆ’ ಎಂದು ಕರೆದರೆ ವಸ್ತು ನಮ್ಮ ಕಡೆ ಬರುತ್ತದೆ.

ಈ ಗೊಂದಲ ನಮ್ಮದೊಂದೇ ಅಲ್ಲ ಎಂಬುದು ಸಮಾಧಾನದ ಸಂಗತಿ. ಇಂಗ್ಲೆಂಡಿನ ಆಡುಮಾತಿನಲ್ಲೂ ‘ಕ್ಯಾನ್ ಐ ಲೆಂಡ್ ಯುವರ್ ಪೆನ್’ ಎನ್ನುವವರಿದ್ದಾರೆ. ಷೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕದ ಕ್ಯಾಲಿಬನ್, ‘ಕಲಿಸು’ ಎಂಬ ಅರ್ಥದಲ್ಲಿ ‘ಟೀಚ್’ ಎನ್ನದೆ ‘ಲರ್ನ್’ ಪದವನ್ನೇ ಬಳಸುತ್ತಾನೆ. ಆ ಕಾಲಕ್ಕೆ ಅದು ಸಲ್ಲುತ್ತಿತ್ತು. ಈಗಿನ ವಿದ್ಯಾರ್ಥಿ ಹಾಗೆ ಬರೆದು ಷೇಕ್ಸ್‌ಪಿಯರನ ಹೆಸರು ಹೇಳಿದರೆ ಅಂಕ ಸಿಕ್ಕುವ ಭರವಸೆಯಿಲ್ಲ.

‘ತುಂಬಾ’ ಎಂಬ ನಮ್ಮ ಪ್ರೀತಿಯ ಪದವೂ ಕೈಕೊಡುತ್ತದೆ. ‘ತುಂಬಾ ಒಳ್ಳೆಯವರು’ ಎಂಬುದನ್ನು ‘ಟೂ ಗುಡ್’ ಎಂದು ಬರೆಯುವವರು ಬಹಳ. ಗೆಳೆಯರ ನಡುವಿನ ಮೆಚ್ಚುಗೆಗೆ ಅದು ನಡೆದೀತು. ಬರವಣಿಗೆಯಲ್ಲಿ ‘ಟೂ’ ಎಂದರೆ ಮಿತಿಮೀರಿದ್ದು, ನಮ್ಮ ‘ಅತಿ’. ಅತಿಯಾದರೆ ಅಮೃತವೂ ವಿಷ ಎನ್ನುತ್ತೇವಲ್ಲ, ಆ ‘ಅತಿ’. ಕೆಲಸಕ್ಕೆ ಶಿಫಾರಸು ಪತ್ರ ಬರೆಯುವ ಹಿರಿಯರೊಬ್ಬರು ಹುಡುಗನನ್ನು ಹೊಗಳುವ ಉತ್ಸಾಹದಲ್ಲಿ ‘ಹಿ ಈಸ್ ಟೂ ಹಾನೆಸ್ಟ್’ ಎಂದು ಬರೆದರೆ, ಓದಿದವರು ಪ್ರಾಮಾಣಿಕತೆ ಇಷ್ಟಾದರೆ ಕಷ್ಟ ಎಂದೇ ತಿಳಿಯುತ್ತಾರೆ. ‘ವೆರಿ ಹಾನೆಸ್ಟ್’ ಎನ್ನಬೇಕು. ಪಾಯಸಕ್ಕೆ ‘ವೆರಿ ಸ್ವೀಟ್’ ಎಂದರೆ ಇನ್ನೊಂದು ಲೋಟ ಬರುತ್ತದೆ. ‘ಟೂ ಸ್ವೀಟ್’ ಎಂದರೆ ಬರುವುದಿಲ್ಲ.

‘ನೆರಳು’ ಕೂಡ ಎರಡು. ಮರದಡಿ ಕುಳಿತು ದಣಿವಾರಿಸಿಕೊಳ್ಳುವ ತಂಪು ‘ಶೇಡ್’, ಬಿಸಿಲಲ್ಲಿ ನಮ್ಮ ಹಿಂದೆ ಬರುವ ಆಕೃತಿ ‘ಶ್ಯಾಡೋ’. ‘ಕಾಲು’ ನೋವಾದರೆ ಪಾದವಾದಲ್ಲಿ ‘ಫುಟ್’, ಮೇಲಾದಲ್ಲಿ ‘ಲೆಗ್’. ಡಾಕ್ಟರ ಬಳಿ ಹೋದಾಗ ಬೆರಳಿಟ್ಟು ತೋರಿಸಿಬಿಡುವುದು ಕ್ಷೇಮ. ‘ಸಂದೇಹ’ದ ಮಾತು ಸ್ವಲ್ಪ ಸೂಕ್ಷ್ಮ. ತರಗತಿಯಲ್ಲಿ ಕೈಯೆತ್ತಿ ‘ಸರ್, ಐ ಹ್ಯಾವ್ ಎ ಡೌಟ್’ ಎನ್ನುವುದು ನಮ್ಮ ದೇಶದಲ್ಲೆಲ್ಲ ರೂಢಿ, ಇಲ್ಲಿ ಅದನ್ನು ತಪ್ಪೆಂದು ತಿದ್ದುವುದು ಅನವಶ್ಯಕ. ಆದರೆ ಇಂಗ್ಲೆಂಡ್, ಅಮೆರಿಕಗಳಿಗೆ ಓದಲು ಹೋದವರು ಹಾಗೆಂದರೆ, ಹೇಳಿದ ಮಾತನ್ನು ಈ ಹುಡುಗ ನಂಬುತ್ತಿಲ್ಲ ಎಂದು ಪ್ರೊಫೆಸರು ತಿಳಿಯಬಹುದು. ಅಲ್ಲಿ ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಬೇಕು.

ಇವೆಲ್ಲಕ್ಕಿಂತ ಮನಸ್ಸಿಗೆ ಹತ್ತಿರದ್ದು ‘ನಾಚಿಕೆ’. ‘ಇಂಗ್ಲಿಷ್ ಮಾತಾಡೋಕೆ ನಾಚಿಕೆ ಆಗುತ್ತೆ’ ಎಂಬುದನ್ನು ಮಕ್ಕಳು ‘ಐ ಫೀಲ್ ಶೇಮ್’ ಎಂದು ಹೇಳುತ್ತಾರೆ. ಕನ್ನಡದಲ್ಲಿ ಮದುಮಗಳಿಗೂ ನಾಚಿಕೆ, ಕದ್ದು ಸಿಕ್ಕಿಬಿದ್ದವನಿಗೂ ನಾಚಿಕೆ. ಇಂಗ್ಲಿಷಿನಲ್ಲಿ ಮದುಮಗಳು ‘ಶೈ’, ಕದ್ದವನು ‘ಅಶೇಮ್ಡ್’. ತಪ್ಪು ಮಾಡಿ ತಲೆತಗ್ಗಿಸುವುದು ಬೇರೆ, ತಪ್ಪೇನೂ ಮಾಡದೆ ಮುದುಡಿಕೊಳ್ಳುವುದು ಬೇರೆ. ಪೋಷಕರ ಸಭೆಗೆ ಬಂದ ಆ ತಂದೆ ಕುರ್ಚಿಯ ಅಂಚಿನಲ್ಲಿ ಕುಳಿತದ್ದು ‘ಶೈ’ ಆಗಿ. ಪಕ್ಕದಲ್ಲಿ ನಿಂತು ಎಲ್ಲ ಅರ್ಥವಾಗಿಯೂ ಸುಮ್ಮನಿದ್ದ ಮಗನಿಗೆ ಯಾವ ಪದ ಸಲ್ಲುತ್ತದೆ ಎಂಬುದನ್ನು ಅವನೇ ಆರಿಸಿಕೊಳ್ಳಲಿ.

ಇನ್ನೊಂದು ಬಗೆಯ ಜೋಡಿಗಳಿವೆ. ಅವುಗಳ ಉಚ್ಚಾರ ಒಂದೇ ಅಥವಾ ಬಹಳ ಹತ್ತಿರ, ಕಾಗುಣಿತ ಬೇರೆ. ಇವಕ್ಕೂ ಕನ್ನಡಕ್ಕೂ ಸಂಬಂಧವಿಲ್ಲ. ಇಂಗ್ಲಿಷರೇ ತಮ್ಮ ಕಾಲಿಗೆ ತಾವೇ ಕಟ್ಟಿಕೊಂಡ ಕಲ್ಲುಗಳು. ಉಪದೇಶ ಎಂಬ ನಾಮಪದವಾದ ‘ಅಡ್ವೈಸ್’ಗೆ ಸಿ ಅಕ್ಷರ, ಉಪದೇಶಿಸು ಎಂಬ ಕ್ರಿಯಾಪದಕ್ಕೆ ಎಸ್. ಅಭ್ಯಾಸ ಎಂಬ ‘ಪ್ರಾಕ್ಟೀಸ್’ಗೂ ಬ್ರಿಟಿಷ್ ಬರವಣಿಗೆಯಲ್ಲಿ ಇದೇ ನಿಯಮ, ಅಮೆರಿಕದವರು ಎರಡಕ್ಕೂ ಸಿ ಹಾಕಿ ತಲೆನೋವು ಕಳೆದುಕೊಂಡಿದ್ದಾರೆ. ಕಾಲೇಜಿನ ಪ್ರಿನ್ಸಿಪಾಲರ ಕೊನೆಯಲ್ಲಿ ಗೆಳೆಯ ಎಂಬರ್ಥದ ‘ಪಾಲ್’ ಇದ್ದಾನೆ ಎಂದು ಹಳೆಯ ಮೇಷ್ಟರುಗಳು ಹೇಳಿಕೊಡುತ್ತಿದ್ದರು. ತತ್ವ ಎಂಬ ಅರ್ಥದ ‘ಪ್ರಿನ್ಸಿಪಲ್’ನ ಕೊನೆಯಲ್ಲಿ ಅವನಿಲ್ಲ.

ಕಾಗದ, ಪೆನ್ನು ಮಾರುವ ‘ಸ್ಟೇಷನರಿ’ ಅಂಗಡಿಯ ಕಥೆ ಸ್ವಾರಸ್ಯವಾದದ್ದು. ಎನ್‌ವಲಪ್ ಎಂಬುದರ ಇ ಅಕ್ಷರ ಬಂದರೆ ಕಾಗದ, ಎ ಅಕ್ಷರ ಬಂದರೆ ನಿಂತಲ್ಲೇ ನಿಂತದ್ದು. ಆದರೆ ಇವೆರಡೂ ಒಂದೇ ತಾಯಿಯ ಮಕ್ಕಳು. ಮಧ್ಯಯುಗದ ಯೂರೋಪಿನಲ್ಲಿ ಹೆಚ್ಚಿನ ವ್ಯಾಪಾರಿಗಳು ಸಂತೆಯಿಂದ ಸಂತೆಗೆ ಹೊರೆ ಹೊತ್ತು ತಿರುಗುತ್ತಿದ್ದರು. ವಿಶ್ವವಿದ್ಯಾಲಯಗಳ ಬಳಿ ಪುಸ್ತಕ ಮಾರುತ್ತಿದ್ದವರು ಮಾತ್ರ ಒಂದೇ ಕಡೆ ಅಂಗಡಿ ಇಟ್ಟು ಕೂರುತ್ತಿದ್ದರು. ತಿರುಗದೆ ನೆಲೆನಿಂತವರಾದ್ದರಿಂದ ಅವರಿಗೆ ‘ಸ್ಟೇಷನರ್’ ಎಂಬ ಹೆಸರು ಬಂತು. ಲಂಡನ್ನಿನ ಸ್ಟೇಷನರ್ಸ್ ಸಂಘಕ್ಕೆ 1557ರಲ್ಲೇ ರಾಜಮುದ್ರೆಯ ಸನದು ದೊರೆತಿತ್ತು. ಅವರು ಮಾರುವ ಸರಕು ‘ಸ್ಟೇಷನರಿ’ ಆಯಿತು. ಈ ಕಥೆ ನೆನಪಿದ್ದರೆ ಪದ ಮರೆಯುವುದಿಲ್ಲ. ಯಾವುದಕ್ಕೆ ಯಾವ ಅಕ್ಷರ ಎಂಬುದಕ್ಕೆ ಮಾತ್ರ ಎನ್‌ವಲಪ್ಪನ್ನೇ ನೆಚ್ಚಿಕೊಳ್ಳಬೇಕು.

ಕಂಪ್ಯೂಟರು ತಪ್ಪುಗಳಿಗೆ ತಾನಾಗಿ ಕೆಂಪು ಗೆರೆ ಎಳೆಯುತ್ತದಲ್ಲ, ಇಷ್ಟೆಲ್ಲ ಏಕೆ ಎಂದು ಮಕ್ಕಳು ವಾದಿಸಬಹುದು. ಕಾಗುಣಿತವನ್ನಷ್ಟೇ ನೋಡುವ ಯಂತ್ರಕ್ಕೆ ‘ಹಿಯರ್’ ಕೂಡ ಸರಿ, ‘ಲಿಸನ್’ ಕೂಡ ಸರಿ, ಎರಡೂ ನಿಘಂಟಿನಲ್ಲಿರುವ ಪದಗಳೇ. ಮಗ ಕಿವುಡನೋ ಹಠಮಾರಿಯೋ ಎಂಬುದು ಅದಕ್ಕೆ ತಿಳಿಯದು. ಕನ್ನಡ–ಇಂಗ್ಲಿಷ್ ನಿಘಂಟು ತೆರೆದರೂ ಸಮಸ್ಯೆ ಬಗೆಹರಿಯುವುದಿಲ್ಲ. ‘ಕೇಳು’ ಎಂಬುದರ ಎದುರು ಮೂರು ನಾಲ್ಕು ಇಂಗ್ಲಿಷ್ ಪದಗಳು ಸಾಲಾಗಿ ನಿಂತಿರುತ್ತವೆ, ಯಾವುದನ್ನು ಎಲ್ಲಿ ಎಂದು ಯಾರೂ ಹೇಳುವುದಿಲ್ಲ. ಆ ಪದಗಳನ್ನು ಬರೆದುಕೊಂಡು, ಉದಾಹರಣೆ ವಾಕ್ಯಗಳಿರುವ ಇಂಗ್ಲಿಷ್–ಇಂಗ್ಲಿಷ್ ನಿಘಂಟಿನಲ್ಲಿ ಒಂದೊಂದನ್ನೂ ನೋಡಬೇಕು. ಈ ಬಗೆಯ ನಿಘಂಟುಗಳಲ್ಲಿ ಹೆಸರಾದ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟಿನ ಮೂಲ ಆವೃತ್ತಿ ಸಿದ್ಧವಾದದ್ದು ಇಂಗ್ಲೆಂಡಿನಲ್ಲಿ ಅಲ್ಲ, ಜಪಾನಿನಲ್ಲಿ. ಅಲ್ಲಿನ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತು ಅವರ ಸಂಗಡಿಗರು ಅದನ್ನು ತಯಾರಿಸಿದರು. 1942ರಲ್ಲಿ ಟೋಕಿಯೋದಲ್ಲಿ ಅಚ್ಚಾದ ಅದನ್ನು ಆಕ್ಸ್‌ಫರ್ಡ್ 1948ರಲ್ಲಿ ಹೊಸ ಹೆಸರಿನಿಂದ ಹೊರತಂದಿತು. ಇಂಗ್ಲಿಷ್ ತಾಯ್ನುಡಿಯಲ್ಲದವರು ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ತರಗತಿಯಲ್ಲಿ ಕಣ್ಣಾರೆ ಕಂಡವರ ಪುಸ್ತಕ ಅದು. ಬೆಲೆ ಹೆಚ್ಚೆನಿಸಿದರೆ ಹಳೆಯ ಪುಸ್ತಕದ ಅಂಗಡಿಯಲ್ಲಿ ಹಿಂದಿನ ಮುದ್ರಣ ಸಿಕ್ಕೀತು. ಈ ಜೋಡಿಪದಗಳ ಮಟ್ಟಿಗೆ ಅದೇ ಸಾಕು.

ಈ ವಾರದ ಅಭ್ಯಾಸಕ್ಕೆ ಐದು ವಾಕ್ಯಗಳು. ‘ಐ ಬಾರೋಡ್ ಹಿಮ್ ಟೆನ್ ರುಪೀಸ್ ಆ್ಯಂಡ್ ಹಿ ಡಿಡ್ ನಾಟ್ ರಿಟರ್ನ್ ಇಟ್.’ ‘ಶಿ ಈಸ್ ವೇಟಿಂಗ್ ಸಿನ್ಸ್ ಟು ಅವರ್ಸ್.’ ‘ಮೈ ಗ್ರಾಂಡ್‌ಮದರ್ ಈಸ್ ಟೂ ಕೈಂಡ್.’ ‘ಐ ಹ್ಯಾವ್ ನಾಟ್ ಸೀನ್ ಹಿಮ್ ಸಿನ್ಸ್ ದೀಪಾವಳಿ.’ ‘ಪ್ಲೀಸ್ ರಿಮೆಂಬರ್ ಮಿ ಟು ಬ್ರಿಂಗ್ ದಿ ಬುಕ್ ಟುಮಾರೋ.’ ಇವುಗಳಲ್ಲಿ ಒಂದು ಸರಿಯಾಗಿಯೇ ಇದೆ, ಅದನ್ನು ತಿದ್ದಲು ಹೋಗಬೇಡಿ. ಕೊನೆಯದನ್ನು ಬಿಡಿಸಲು, ನೆನಪಾಗುವುದು ಯಾರಿಗೆ, ನೆನಪು ಮಾಡುವವರು ಯಾರು ಎಂದು ಕನ್ನಡದಲ್ಲಿ ಒಮ್ಮೆ ಹೇಳಿಕೊಂಡು ನೋಡಿ. ಉತ್ತರಗಳು ಮುಂದಿನ ವಾರ.